ಮಗ್ಗದ ಸೂರಿಗೊಂದು ವೆಬ್‌ಸೈಟ್

ಅಪ್ಪನ ಮಂಡಿ ಸೋತು ಏಣಿ ಹತ್ತಲಾಗದ ಮೇಲೆ ಸೂರು ಹೊದಿಸುವ ಕೆಲಸವನ್ನು ನಾನು ಹಿಡಿದೆ. ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಿಗೆ ಶೀಟು ಹಾಕುವುದು, ಸೋರುವುದನ್ನು ನಿಲ್ಲಿಸುವುದು ನಮ್ಮ ಕಸುಬು. ಹೆಂಗಸು ಏಣಿ ಹತ್ತುತ್ತಾಳೆಂದು ಬೀದಿಯವರು ಆಡಿಕೊಂಡರು. ಆಡಿಕೊಳ್ಳಲಿ, ಬಾಯಿ ಅವರದು. ಆದರೆ ವೆಬ್‌ಸೈಟ್ ಮಾಡಿಸುವಾಗ ಚಿಕ್ಕಪ್ಪ ಮೂಗು ತೂರಿಸಿದ್ದನ್ನು ನನಗೆ ಸಹಿಸಲಾಗಲಿಲ್ಲ.

"ನಿನ್ ನಂಬರ್ ಹಾಕಿದ್ರೆ ಯಾರಮ್ಮಾ ಫೋನ್ ಮಾಡ್ತಾರೆ? ನಂದು ಹಾಕ್ಸು," ಎಂದರು.

ಹುಟ್ಟಿದಾಗಿನಿಂದ ಒಂದು ಶೀಟಿಗೂ ಬೋಲ್ಟು ಬಿಗಿದವರಲ್ಲ. ಅವರ ನಂಬರಿಗೆ ಹೋದ ಕೆಲಸ ನನ್ನ ಕೈಗೆ ವಾಪಸ್ಸು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ನನ್ನದೇ ನಂಬರು, ನನ್ನದೇ ಫೋಟೊ ಎಂದು ಹಟ ಹಿಡಿದೆ.

ವೆಬ್‌ಸೈಟ್ ಮಾಡುವವನು ದೇವನಹಳ್ಳಿಯವನು. ಮೊದಲ ಪುಟದಲ್ಲೇ ಹಿಮ ಬಿದ್ದ ಯಾವುದೋ ದೇಶದ ಮನೆ ಅಂಟಿಸಿದ್ದ. ಮೈಯೆಲ್ಲ ಉರಿಯಿತು. "ಇದನ್ನ ತೆಗಿ ಗುರು. ನಾವು ಹಾಕಿರೋ ಸೂರನ್ನೇ ತೋರಿಸ್ಬೇಕು," ಎಂದೆ.

ಹೇಳುವುದೇನೋ ಸುಲಭ. ನಮ್ಮೂರಲ್ಲಿ ಮಗ್ಗದ ಶೆಡ್ಡಿನೊಳಗೆ ಫೋನು ಎತ್ತಿದರೆ ಸಾಕು, ಸೀರೆಯ ಡಿಸೈನು ಕದಿಯಲು ಬಂದರೆಂದು ಮೈಮೇಲೆ ಬೀಳುತ್ತಾರೆ. ಹೋದಲ್ಲೆಲ್ಲ ಬೈಸಿಕೊಂಡೆ. ಕೊನೆಗೆ, ಹಿಂದೆ ನಾನೇ ಶೀಟು ಹೊದಿಸಿದ್ದ ಶೆಡ್ಡಿನ ಅಜ್ಜಿಯೊಬ್ಬರು ಒಪ್ಪಿದರು. "ಮೇಲಕ್ ಮಾತ್ರ ಹಿಡ್ಕೊ. ಕೆಳಗೆ ತಿರುಗ್ಸಿದ್ರೆ ಫೋನ್ ಕಿತ್ಕೊಂಡ್ಬಿಡ್ತೀನಿ."

ಜೋರು ಮಳೆ ಹಿಡಿದ ಮಧ್ಯಾಹ್ನ ಅಲ್ಲಿಗೆ ಓಡಿದೆ. ಮಗ್ಗಗಳ ನಡುವೆ ನಿಂತು ಸೂರನ್ನಷ್ಟೇ ವಿಡಿಯೊ ಮಾಡಿದೆ. ಶೀಟಿನ ಮೇಲೆ ಮಳೆ, ಕೆಳಗೆ ಮಗ್ಗದ ಸದ್ದು.

"ಬರೀ ಶೀಟು ಮೇಡಂ. ಸೌಂಡ್ ಬೇರೆ ಕರ್ಕಶ. ಮ್ಯೂಸಿಕ್ ಹಾಕ್ಲಾ?" ಎಂದ ದೇವನಹಳ್ಳಿಯವನು.

ಬೇಡವೆಂದೆ. ಹಾಸಿನ ನೂಲಿಗೆ ಹನಿ ಬಿದ್ದರೆ ನೇಕಾರರು ಮಗ್ಗ ನಿಲ್ಲಿಸುತ್ತಾರೆ. ಅಂಥ ಮಳೆಯಲ್ಲೂ ಮಗ್ಗ ಓಡುತ್ತಿದೆಯೆಂದರೆ ಸೂರು ಸೋರುತ್ತಿಲ್ಲ. ನಮ್ಮೂರಿನವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ವೆಬ್‌ಸೈಟ್ ಶುರುವಾದ ಮೇಲೆ ಚಿಕ್ಕಪ್ಪ ದಿನಾ ಬಂದು "ಫೋನ್ ಬಂತಾ?" ಎಂದು ಹಂಗಿಸುತ್ತಿದ್ದರು. ಒಂದು ದಿನ ಅವರು ಕಾಫಿ ಕುಡಿಯುತ್ತಿದ್ದಾಗಲೇ ಬಂತು. ಬೇಕೆಂದೇ ಸ್ಪೀಕರಿಗೆ ಹಾಕಿದೆ.

"ವಿಡಿಯೊ ನೋಡ್ದೆ ಕಣಮ್ಮ. ಯಜಮಾನ್ರಿಗೆ ಕೊಡು."

ಚಿಕ್ಕಪ್ಪ ಕೈ ಚಾಚಿದರು. ನಾನು ಕೊಡಲಿಲ್ಲ.

"ಯಜಮಾನಿ ನಾನೇ. ಸೂರು ಹೊದಿಸೋಳೂ ನಾನೇ. ಎಲ್ಲಿ ಸೋರ್ತಿದೆ ಹೇಳಿ."

"ನೀನಾ?" ಎಂದರು ಆ ಕಡೆಯವರು. ಚಿಕ್ಕಪ್ಪನ ಮುಖದಲ್ಲಿ ನಗು ಮೂಡತೊಡಗಿತು. ಅಷ್ಟರಲ್ಲಿ ಫೋನಿನಿಂದ ಮತ್ತೆ ದನಿ ಬಂತು.

"ಮಗ್ಗದ ಮೇಲೇ ಸೋರ್ತಾ ಐತೆ. ಮೋಡ ಬೇರೆ ಕಟ್ಟೈತೆ. ನೀನೇ ಬೇಗ ಬಾರಮ್ಮ."

ನಾನು ಎದ್ದು ಚಪ್ಪಲಿ ಮೆಟ್ಟಿದೆ. "ಏಣಿ ಹಿಡ್ಕೊಳ್ಳೋಕೆ ಒಬ್ರು ಬೇಕು, ಬರ್ತೀರಾ ಚಿಕ್ಕಪ್ಪಾ?" ಎಂದು ಕೇಳಿದೆ.