ಅಕ್ಕನ ನಂಬರು

ವಿಶ್ವವಿದ್ಯಾಲಯದಲ್ಲಿ ಎಲ್ಲರಿಗೂ ಅವರು ಅಕ್ಕ. ಸಂಶೋಧನಾ ಅನುದಾನದ ಅರ್ಜಿಗಳನ್ನು ಕಟ್ಟುಕಟ್ಟಾಗಿ ಅಂಚೆಗೆ ಹಾಕಿಸುವುದರಲ್ಲೇ ಅವರ ತಲೆ ನರೆಯಿತು. ಅರ್ಜಿಗಳೆಲ್ಲ ಆನ್‌ಲೈನ್ ಆದ ವರ್ಷ, ನೋಂದಣಿಗೆ ಒಂದು ಮೊಬೈಲ್ ನಂಬರು ಬೇಕಾಯಿತು. ಕಚೇರಿಯಲ್ಲಿ ಇದ್ದದ್ದು ಮೇಜಿನ ಮೇಲಿನ ಹಳೇ ಫೋನು. "ಸದ್ಯಕ್ಕೆ ಅಕ್ಕನ ನಂಬರ್ ಹಾಕಿ" ಎಂದುಬಿಟ್ಟರು ನಿರ್ದೇಶಕರು. ಆ 'ಸದ್ಯಕ್ಕೆ' ಹನುಮಂತನ ಬಾಲವಾಯಿತು.

ಅಕ್ಕ ನಿವೃತ್ತರಾದರು, ನಂಬರು ಆಗಲಿಲ್ಲ. ಯಾವ ಪ್ರೊಫೆಸರು ಅರ್ಜಿ ಸಲ್ಲಿಸಿದರೂ ಓಟಿಪಿ ಬರುವುದು ಅವರ ಫೋನಿಗೇ. ಒಲೆ ಮೇಲಿನ ಹಾಲು ಉಕ್ಕಿದರೂ ಸರಿ, ಅದನ್ನು ಓದಿ ಹೇಳಬೇಕು. ಸಿಗ್ನಲ್ ಸಿಗದ ತಂಗಿಯ ಊರಿಗೆ ಹೋಗುವುದನ್ನೇ ಬಿಟ್ಟರು. "ನಂಬರ್ ಬದಲಾಯಿಸ್ರಪ್ಪಾ" ಎಂದು ಗೋಗರೆದರೆ, "ಮೇಲಿನವರಿಗೆ ಬರೆದಿದೀವಿ ಅಕ್ಕಾ, ಉತ್ತರಾನೇ ಇಲ್ಲ" ಎನ್ನುತ್ತಿದ್ದರು.

ಮೊನ್ನೆ ಅಕ್ಕನಿಗೆ ಹೃದಯದ ಆಪರೇಷನ್. ಅರ್ಜಿ ಸಲ್ಲಿಸಲು ಕೊನೆಯ ದಿನವೂ ಅದೇ. ನಿರ್ದೇಶಕರು ಹಣ್ಣು ಹಿಡಿದು ಆಸ್ಪತ್ರೆಗೆ ಓಡಿಬಂದು, ಬಾಯಿ ತುಂಬ ಯೋಗಕ್ಷೇಮ ವಿಚಾರಿಸಿದರು. ಕಡೆಗೂ ನೆನೆಸಿಕೊಂಡರಲ್ಲ ಎಂದು ಅಕ್ಕನ ಕಣ್ಣು ತುಂಬಿತು. ಆಮೇಲೆ ಅವರು ದನಿ ತಗ್ಗಿಸಿ ಕೇಳಿದರು: "ಅಕ್ಕಾ, ನಿಮ್ಮನ್ನ ಒಳಗೆ ಕರ್ಕೊಂಡು ಹೋದ್ಮೇಲೆ ಫೋನ್ ಯಾರ ಹತ್ರ ಇರುತ್ತೆ?"

ಸ್ಟ್ರೆಚರ್ ಹೊರಟಾಗ ಅಕ್ಕ ಫೋನನ್ನು ಗಂಡನ ಕೈಗೆ ತುರುಕಿದರು.

"ನಾನು ನಿನ್ನ ನೋಡ್ಲೋ, ಇದನ್ನ ನೋಡ್ಲೋ?" ಎಂದರು ಗಂಡ, ಪಕ್ಕದಲ್ಲೇ ಓಡುತ್ತ.

ಫೋನು ಟಿಣ್ ಎಂದಿತು.

"ಇದನ್ನೇ ನೋಡಿ" ಎಂದರು ಅಕ್ಕ. ಬಾಗಿಲು ಮುಚ್ಚಿಕೊಂಡಿತು.