ಡಭೋಯಿ ರಸ್ತೆಯ ಜೋಡಿ ಸೈಕಲ್ಲು

ಮೊನ್ನೆ ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ತುದಿಗೆ ಆಟೋ ಕಾಯುತ್ತ ನಿಂತಿದ್ದೆ. ಪಕ್ಕದ ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ಸೊಲ್ಯೂಷನ್ ಹಚ್ಚಿ ಊದುತ್ತಿದ್ದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಬರೋಡಾದ ನಮ್ಮ ಬಾಡಿಗೆ ಮನೆಯ ಮೆಟ್ಟಿಲ ಕೆಳಗಿನ ಜಾಗ ಕಣ್ಣ ಮುಂದೆ ಬಂತು. ಶುಕ್ರವಾರದ ಸಂಜೆ, ಬೋಗುಣಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತ ಕುಕ್ಕರುಗಾಲಲ್ಲಿ ಕೂತ ಮೇಲಿನ ಮನೆಯ ಅಕ್ಕ...

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮದುವೆಯಾಗಿ ಧಾರವಾಡದಿಂದ ನೇರ ಅಲ್ಲಿಗೇ ಹೋಗಿದ್ದೆ. ನಮ್ಮವರಿಗೆ ಬ್ಯಾಂಕಿನ ಕೆಲಸ. ಗುಜರಾತಿ ಒಂದಕ್ಷರ ಬಾರದೆ ಹಗಲೆಲ್ಲ ಬಾಗಿಲು ಹಾಕಿಕೊಂಡು ಕೂಡುತ್ತಿದ್ದ ನನಗೆ ಮೇಲಿನ ಮನೆಯಿಂದ ಕನ್ನಡ ಕೇಳಿಸಿದ ದಿನ ಅಳುವೇ ಬಂದಿತ್ತು. ಕುಂದಾಪುರದ ಕಡೆಯವರು. ಗಂಡ ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ನಾವು ಅವರನ್ನು ರಾಯರು ಎಂದೇ ಕರೆಯುತ್ತಿದ್ದೆವು. ಆಕೆ ನನಗೆ ಅಕ್ಕ. ಮಕ್ಕಳಿರಲಿಲ್ಲ. ಆ ಬಗ್ಗೆ ಓಣಿಯ ಹೆಂಗಸರು ಕೇಳಿದಾಗ ಅಕ್ಕ ನಕ್ಕು, ಮಾತು ಬದಲಿಸಿಬಿಡುತ್ತಿದ್ದರು.

ಶನಿವಾರ ರಾಯರಿಗೆ ಅರ್ಧ ದಿನ ಕಚೇರಿ. ಊಟ ಮುಗಿದದ್ದೇ ಇಬ್ಬರೂ ಒಂದೊಂದು ಸೈಕಲ್ ಹತ್ತಿ ಹೊರಟುಬಿಡುತ್ತಿದ್ದರು. ಪಾದರಾ, ಸಂಖೇಡಾ, ಡಭೋಯಿ, ರಜೆ ಕೂಡಿ ಬಂದರೆ ಡಾಕೋರ್. ರಾತ್ರಿ ಯಾವುದಾದರೂ ಧರ್ಮಶಾಲೆಯಲ್ಲಿ ತಂಗಿ ಭಾನುವಾರ ಸಂಜೆಗೆ ವಾಪಸು. ಅಕ್ಕ ಸೈಕಲ್ ಕಲಿತದ್ದೇ ಮದುವೆಯ ಮೇಲೆ, ಬರೋಡಾದಲ್ಲಿ. “ಇಲ್ಲಿಯ ಹುಡುಗಿಯರು ಕಾಲೇಜಿಗೆ ಸೈಕಲ್ಲಲ್ಲೇ ಹೋಗ್ತಾರೆ, ನನಗೆ ಎಂತಕ್ಕೆ ಆಗುದಿಲ್ಲ?” ಎಂದು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಹತ್ತಿದರಂತೆ. ಭಾನುವಾರ ಸಂಜೆ ಅವರ ಮೈಮೇಲೆ ಕೆಂಪು ಧೂಳು, ಚೀಲದಲ್ಲಿ ಎಳೆ ಬದನೆಕಾಯಿಯೋ, ಸಂಖೇಡಾದ ಬಣ್ಣದ ಮರದ ಡಬ್ಬಿಯೋ ಇರುತ್ತಿತ್ತು. ಆಮೇಲೆ ನಮ್ಮ ಮನೆಯಲ್ಲಿ ಚಹಾ. ಹೇಳುವವರು ಅಕ್ಕ, ರಾಯರು ನಡುನಡುವೆ ತಿದ್ದುವವರು.

ಒಂದು ಮುಸ್ಸಂಜೆ ಪಾದರಾದಿಂದ ಬರುವಾಗ ರಾಯರು ಸೈಕಲ್ ಸಮೇತ ಹಳ್ಳಕ್ಕೆ ಬಿದ್ದರು. ಪೆಟ್ಟು ಸಣ್ಣದು. ಆದರೆ ಎದುರಿಗಿದ್ದ ಎತ್ತಿನ ಗಾಡಿ ತನಗೆ ಕಾಣಲೇ ಇಲ್ಲ ಎಂದು ಆ ದಿನ ಮೊದಲ ಬಾರಿ ಬಾಯಿ ಬಿಟ್ಟರು. ಅಹಮದಾಬಾದಿನ ನವರಂಗಪುರದಲ್ಲಿ ದೊಡ್ಡ ಕಣ್ಣಿನ ಡಾಕ್ಟರಿಗೆ ತೋರಿಸಿದರು. ಇದಕ್ಕೆ ಔಷಧವಿಲ್ಲ, ದೃಷ್ಟಿ ಸುತ್ತಲಿಂದ ಕಿರಿದಾಗುತ್ತ ಬರುತ್ತದೆ, ಕೊನೆಗೆ ಪೂರ್ತಿ ಹೋಗಲೂಬಹುದು ಎಂದರಂತೆ. ಅಲ್ಲಿಂದ ಬಂದ ಮೇಲೆ ಶನಿವಾರಗಳು ಸುಮ್ಮನಾದವು. ಸೈಕಲ್ಲುಗಳ ಮೇಲೆ ಧೂಳು ಕೂತಿತು. ಮೇಲಿನಿಂದ ಮಾತೂ ಅಷ್ಟಾಗಿ ಕೇಳಿಸುತ್ತಿರಲಿಲ್ಲ.

ಅಕ್ಕ ಎರಡೂ ಸೈಕಲ್ಲುಗಳನ್ನು ತಳ್ಳಿಕೊಂಡು ವೆಲ್ಡಿಂಗ್ ಅಂಗಡಿಗೆ ಹೊರಟಾಗ ಜೊತೆಗೆ ನಾನೂ ಹೋಗಿದ್ದೆ. ಎರಡನ್ನೂ ಬೆಸೆದು ಒಂದು ಮಾಡಿ ಕೊಡಿ, ಮುಂದೆ ನಾನು, ಹಿಂದೆ ಅವರು, ಎಂದು ಕೈಯಲ್ಲೇ ತೋರಿಸಿ ಹೇಳಿದರು. ಇದು ಓಡುವುದಿಲ್ಲ ಎಂದು ಅಂಗಡಿಯವನು ತಲೆಯಾಡಿಸಿದ. “ಬೆನ್, ಆ ನಹೀ ಚಾಲೇ.” ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತರು. ಅವನು ಚಹಾ ತರಿಸುವವರೆಗೂ ಏಳಲಿಲ್ಲ. ಚಹಾ ಮುಗಿಯುವಷ್ಟರಲ್ಲಿ ಅವನೇ ಸೀಮೆಸುಣ್ಣದಿಂದ ನೆಲದ ಮೇಲೆ ಚಿತ್ರ ಬರೆಯತೊಡಗಿದ್ದ.

ಜೋಡಿ ಸೈಕಲ್ಲು ಮನೆಗೆ ಬಂತು. ರಾಯರು ಅದನ್ನು ಕೈಯಿಂದ ಸವರಿ ನೋಡಿ, “ಹೆಂಡತಿ ಬೆನ್ನ ಹಿಂದೆ ಕೂತು ಊರು ತಿರುಗುದಾ? ನನ್ನಿಂದ ಆಗುದಿಲ್ಲ,” ಎಂದು ಮೆಟ್ಟಿಲು ಹತ್ತಿ ಹೋಗಿಬಿಟ್ಟರು. ಅಕ್ಕ ಜಗಳ ಆಡಲಿಲ್ಲ. ಬಂದ ಶನಿವಾರ ಊಟ ಬಡಿಸಿಟ್ಟು, ಅಷ್ಟುದ್ದದ ಸೈಕಲ್ಲನ್ನು ಒಬ್ಬರೇ ತುಳಿದುಕೊಂಡು ಡಭೋಯಿಗೆ ಹೋದರು. ಹಿಂದಿನ ಸೀಟು ಖಾಲಿ. ಮರುದಿನ ಸಂಜೆಯವರೆಗೆ ರಾಯರು ನಮ್ಮ ಬಾಗಿಲಲ್ಲೇ ಕೂತಿದ್ದರು. ಊಟಕ್ಕೆ ಎಷ್ಟು ಕರೆದರೂ ಬರಲಿಲ್ಲ.

ಅಕ್ಕ ಬಂದರು, ಕೈಕಾಲು ತೊಳೆದು ಚಹಾಕ್ಕೆ ಕೂತರು. ಎಂದಿನ ಹಾಗೆ ರಸ್ತೆಯ ಕತೆ ತೆಗೆಯಲಿಲ್ಲ.

“ರಸ್ತೆ ಹೇಗುಂಟು?” ರಾಯರೇ ಕೇಳಿದರು.

“ಉಂಟು.”

“ಹೊಲದಲ್ಲಿ ಹತ್ತಿ ಬಿಡಿಸಿ ಆಯ್ತಾ?”

“ನಾನು ಎಂತದೂ ಹೇಳುದಿಲ್ಲ. ಬೇಕಾದ್ರೆ ನೀವೇ ಬನ್ನಿ.”

ನಮ್ಮವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ನಾನು ಒಳಗೆ ಹೋಗಿ ಬೇಕಿಲ್ಲದ ಪಾತ್ರೆ ತೊಳೆದೆ. ಅಲ್ಲಿಗೇ ರಾಯರ ದನಿ ಕೇಳಿಸಿತು. “ಹಿಂದಿನ ಸೀಟು ಸ್ವಲ್ಪ ಎತ್ತರ ಆಯ್ತು. ಇಳಿಸಬೇಕು.”

ಆ ಚಳಿಗಾಲ ನಾನೂ ನಮ್ಮವರೂ ಅವರನ್ನು ಕೂಡಿಕೊಳ್ಳಲು ಒಮ್ಮೆ ಡಭೋಯಿಯ ಪುಟ್ಟ ರೈಲು ಹತ್ತಿದ್ದೆವು. ನ್ಯಾರೋಗೇಜಿನ ಆ ಗಾಡಿಗೆ ಅವಸರವೆಂಬುದೇ ಇರಲಿಲ್ಲ. ಒಂದು ಕಡೆ ರಸ್ತೆ ಹಳಿಯ ಪಕ್ಕಕ್ಕೇ ಬಂದಾಗ ಅವರು ಕಂಡರು. ಮುಂದೆ ಅಕ್ಕ, ಸೆರಗು ಬಿಗಿದು ಕಟ್ಟಿ, ಬೆನ್ನು ನೇರ ಮಾಡಿ. ಕತ್ತು ಓರೆ ಮಾಡಿ ಒಂದೇ ಸಮನೆ ಹಿಂದಕ್ಕೆ ಏನೋ ಹೇಳುತ್ತಿದ್ದರು, ದಾರಿಯಲ್ಲಿ ಕಂಡದ್ದನ್ನೇ ಇರಬೇಕು. ಹಿಂದೆ ರಾಯರು ಮುಖ ಎತ್ತಿ ನಗುತ್ತ ತುಳಿಯುತ್ತಿದ್ದರು. ರೈಲಿನಲ್ಲಿದ್ದ ಹಾಲಿನ ಕ್ಯಾನಿನವರು, ಹೆಂಗಸರು, ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಯಾರೋ ಸಿಳ್ಳೆ ಹೊಡೆದರು. ಅಕ್ಕ ಇತ್ತ ತಿರುಗದೆ ಬೆಲ್ ಬಾರಿಸಿದರು.

ಡಭೋಯಿಯ ಹಳೆಯ ಕೋಟೆ ಬಾಗಿಲ ಕೆತ್ತನೆಯನ್ನು ರಾಯರು ಕೈಯಿಂದ ಓದುವಂತೆ ಮುಟ್ಟುತ್ತಿದ್ದರು. “ಅದು ಆನೆ,” ಎಂದರು ಅಕ್ಕ.

“ಆನೆಗೆ ಇಷ್ಟು ಸಪೂರ ಕಾಲಾ? ಸರಿ ನೋಡು ಮಾರಾಯ್ತಿ.”

ಅಕ್ಕ ಬಗ್ಗಿ ನೋಡಿದರು. “ಹೌದು, ಕುದುರೆ. ಮುಖ ಸವೆದುಹೋಗಿದೆ.” ರಾಯರಿಗೆ ಆದ ಖುಷಿ ಹೇಳತೀರದು. ಊರು ಮುಟ್ಟಿದ ಮೇಲೂ ಆ ಕುದುರೆಯ ಮಾತೇ.

ಮುಂದೆ ನಮಗೆ ಸೂರತ್‌ಗೆ ವರ್ಗವಾಯಿತು. ರಾಯರ ದೃಷ್ಟಿ ಪೂರ್ತಿ ಹೋದ ಮೇಲೂ ಬಹಳ ವರ್ಷ ಇಬ್ಬರೂ ತಿರುಗಾಟ ಬಿಡಲಿಲ್ಲವೆಂದು ಬರೋಡಾದಿಂದ ಬಂದವರು ಹೇಳುತ್ತಿದ್ದರು. ಆಮೇಲೆ ಸಂಪರ್ಕ ಹೇಗೋ ತಪ್ಪಿತು...

ಪಂಕ್ಚರ್ ಅಂಗಡಿಯ ಆ ದಿನವೇ, ಕುಂದಾಪುರದ ಪರಿಚಯದವರನ್ನು ಕೇಳಿ ನಂಬರು ಹಿಡಿದು ಫೋನ್ ಮಾಡಿದೆ. ಎತ್ತಿದವರು ರಾಯರೇ, ಈಗ ತಂಗಿಯ ಮನೆಯಲ್ಲಿದ್ದಾರೆ. ಅಕ್ಕ ತೀರಿಹೋಗಿ ನಾಲ್ಕು ವರ್ಷವಾಯಿತಂತೆ. ಫೋನು ಹಿಡಿದೇ ಕಿಟಕಿಯ ಬಳಿಗೆ ಹೋದೆ. ಅವರೇ ಕೇಳಿದರು, “ನೀವೀಗ ಎಲ್ಲಿ ನಿಂತಿದ್ದೀರಿ?”

“ಕಿಟಕಿ ಹತ್ರ ರೀ.”

“ಎಂತ ಕಾಣ್ತದೆ? ಹೇಳಿ.”

“ರಸ್ತೆ ಐತ್ರಿ. ಒಂದು ಗಿಡ ಐತ್ರಿ.”

“ಎಂತ ಗಿಡ?”

ಇಪ್ಪತ್ತು ವರ್ಷದಿಂದ ಆ ಕಿಟಕಿಯಲ್ಲಿ ನಿಲ್ಲುತ್ತೇನೆ. ಅದರ ಹೆಸರು ನನಗೆ ಗೊತ್ತಿರಲಿಲ್ಲ. ಎಲೆ ಹೇಗಿದೆ, ಹೂವು ಬಿಟ್ಟಿದೆಯೇ ಎಂದು ನೋಡಲು ಚಷ್ಮಾ ಹುಡುಕಿದೆ. ಆಚೆ ಕಡೆ ಅವರು ಕಾಯುತ್ತಿದ್ದರು.