ಅಣ್ಣ ನೋಡದೆ ಹಾಕಿದ ಸಹಿ

ಅಣ್ಣನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಕಪ್ಪಾಗಿ, ಆಮೆಚಿಪ್ಪಿನಂತೆ ದಪ್ಪಗಾಗಿತ್ತು. ಮೂವತ್ತು ವರ್ಷ ಕರೆಂಟಿನ ಪ್ಯಾನೆಲ್‌ಗಳ ಒಳಗೆ ಕೈ ಹಾಕಿ ಒಂದೊಂದು ವೈರನ್ನೂ ಎಳೆದು ನೋಡಿದ ಬೆರಳು ಅದು. ಹಿರಿಯರು, ಕೆಲಸ ಕಲಿಸಿದವರು; ಹಾಗಾಗಿ ಹೊಸೂರಿನ ನಮ್ಮ ಟೆಸ್ಟಿಂಗ್ ಕಂಪನಿಯಲ್ಲಿ ಎಲ್ಲರಿಗೂ ಅವರು ಅಣ್ಣ. ಹತ್ತಿರದ ತಳಿ ಎಂಬ ಊರಿನ ಕಡೆಯ ರೈತರ ಮನೆಯವರು, ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು.

ಕಾರ್ಖಾನೆಗಳ ರಿಲೇ ಪರೀಕ್ಷಿಸುವುದು ನಮ್ಮ ಕೆಲಸ. ಲೈನಿನಲ್ಲಿ ಶಾರ್ಟ್ ಆದರೆ ರಿಲೇ ಅದನ್ನು ಕಂಡುಹಿಡಿದು ಬ್ರೇಕರಿಗೆ ಹೇಳುತ್ತದೆ, ಬ್ರೇಕರ್ ಕರೆಂಟು ಕಡಿಯುತ್ತದೆ. “ರಿಲೇ ಅಂದ್ರೆ ನಾಯಿ ಕಣ್ಲಾ. ಅದು ಬೊಗಳಿದ್ರೆ ಸಾಲ್ದು, ಮನೇವ್ರು ಎದ್ದು ಬರ್ಬೇಕು,” ಎನ್ನುತ್ತಿದ್ದರು ಅಣ್ಣ. ರಿಲೇಗೂ ಬ್ರೇಕರಿಗೂ ನಡುವೆ ಬೆರಳುದ್ದದ ಲೋಹದ ಪಟ್ಟಿಯೊಂದಿರುತ್ತದೆ, ಟ್ರಿಪ್ ಲಿಂಕ್. ಪರೀಕ್ಷೆಯ ಹೊತ್ತಿನಲ್ಲಿ ಬ್ರೇಕರ್ ಪದೇ ಪದೇ ಬೀಳದಿರಲಿ ಎಂದು ಅದನ್ನು ಬಿಚ್ಚುತ್ತೇವೆ. ಅಣ್ಣ ಬಿಚ್ಚಿದ್ದನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅದು ವಾಪಸು ತನ್ನ ಜಾಗಕ್ಕೆ ಹೋಗುವವರೆಗೆ ಊಟದ ಡಬ್ಬಿ ಮುಟ್ಟುತ್ತಿರಲಿಲ್ಲ, ನಮಗೂ ಮುಟ್ಟಲು ಬಿಡುತ್ತಿರಲಿಲ್ಲ. “ಜೇಬು ಭಾರ ಇದ್ರೆ ಮುದ್ದೆ ಇಳಿಯಲ್ಲ ಕಣ್ಲಾ.”

ಕೋಲಾರದಿಂದ ಡಿಪ್ಲೊಮಾ ಹಿಡಿದು ಬಂದು ಅವಲಪಲ್ಲಿಯಲ್ಲಿ ಬಾಡಿಗೆಗಿದ್ದ ನನಗೆ ಜಂಬ ಬೇಕಾದಷ್ಟಿತ್ತು. ‘ಅಣ್ಣನ ಮಡಿ’ ಎಂದು ಆಡಿಕೊಂಡು ನಗುತ್ತಿದ್ದೆ. ಕಣ್ಣಾರೆ ನೋಡದೆ ಅವರು ಯಾವ ರಿಪೋರ್ಟಿಗೂ ಸಹಿ ಹಾಕಿದವರಲ್ಲ. ಒಂದೇ ಒಂದು ಸಲ ಹಾಕಿದರು, ನನ್ನ ಮಾತು ನಂಬಿ.

ಕೃಷ್ಣಗಿರಿ ರಸ್ತೆಯ ಒಂದು ಕಾರ್ಖಾನೆಯ ಶಟ್‌ಡೌನ್ ಅದು. ಎರಡು ಪ್ಯಾನೆಲ್ ಅಣ್ಣನದು, ಒಂದು ನನ್ನದು. ಅಲ್ಲಿನ ಮ್ಯಾನೇಜರ್ ಐದು ನಿಮಿಷಕ್ಕೊಮ್ಮೆ ಬಂದು ತಮಿಳಿನಲ್ಲಿ “ಮುಡಿಂಜಿದಾ?” ಎನ್ನುತ್ತಿದ್ದ. ಮುಗಿಯಿತು ಅನ್ನಿಸಿಕೊಳ್ಳದೆ ಹೋಗುವ ಆಸಾಮಿಯಲ್ಲ. ನಾನು ಲಿಂಕನ್ನು ಪೂರ್ತಿ ಬಿಚ್ಚುವ ಗೋಜಿಗೇ ಹೋಗದೆ ಒಂದು ಸ್ಕ್ರೂ ಸಡಿಲಿಸಿ ಪಕ್ಕಕ್ಕೆ ಸರಿಸಿದೆ. ಜೇಬೂ ಬೇಡ, ಮಡಿಯೂ ಬೇಡ. ಲ್ಯಾಪ್‌ಟಾಪು ಹಸಿರು ಅಕ್ಷರದಲ್ಲಿ ‘ಪಾಸ್’ ಎಂದಿತು. ಪ್ಯಾನೆಲ್ ಬಾಗಿಲು ಮುಚ್ಚಿದೆ.

“ಲಿಂಕು ಹಾಕ್ದೇನ್ಲಾ?”

“ಹಾಕ್ದೆ ಅಣ್ಣ.”

ಹಾಕಿದ್ದೇನೆ ಎಂದೇ ನಂಬಿದ್ದೆ. ಅವತ್ತಿನದು ಮರೆವು, ಸುಳ್ಳಲ್ಲ. ಸುಳ್ಳು ಆಮೇಲೆ ಬಂತು.

ಎರಡು ತಿಂಗಳಿಗೆ ಅಲ್ಲಿ ಕೇಬಲ್ ಸಿಡಿಯಿತು. ನಾಯಿ ಬೊಗಳಿತು, ಯಾರೂ ಎದ್ದು ಬರಲಿಲ್ಲ. ಪ್ಯಾನೆಲ್ ಹೊತ್ತಿಕೊಂಡು, ಪಕ್ಕದಲ್ಲೇ ಇದ್ದ ಕಾರ್ಖಾನೆಯ ಎಲೆಕ್ಟ್ರಿಷಿಯನ್‌ನ ಎರಡೂ ಕೈ ಮೊಣಕೈವರೆಗೆ ಸುಟ್ಟುಹೋದವು. ಮರುದಿನ ನಾವಿಬ್ಬರೂ ಹೋದೆವು. ಮಸಿಯ ನಡುವೆ ಲಿಂಕು ನಾನು ಸರಿಸಿದ ಹಾಗೇ ಓರೆಯಾಗಿ ನಿಂತಿತ್ತು. ಅಣ್ಣ ಅದನ್ನು ನೋಡಿದರು, ನನ್ನನ್ನು ನೋಡಿದರು.

“ಹಾಕಿದ್ದೇನ್ಲಾ?”

“ಹಾಕಿದ್ದೆ ಅಣ್ಣ.”

ಅವರು ಇನ್ನೊಮ್ಮೆ ಕೇಳಲಿಲ್ಲ. ವಿಚಾರಣೆಯಲ್ಲಿ ಅಂದದ್ದು ಇಷ್ಟೇ: “ಸೈನ್ ನಂದು. ನಾನು ನೋಡ್ಬೇಕಿತ್ತು, ನೋಡ್ಲಿಲ್ಲ.” ಕಂಪನಿಗೂ ಒಂದು ತಲೆ ಬೇಕಿತ್ತು, ಸಿಕ್ಕಿತು. ಅವರನ್ನು ಮನೆಗೆ ಕಳಿಸಿ ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ನಾನೂ ನಾಚಿಕೆಯಿಲ್ಲದೆ ಕೂತೆ.

ಆಮೇಲೊಮ್ಮೆ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು, ಸೇವಂತಿಗೆ ಹೂವಿನ ಮೂಟೆ ಇಳಿಸುತ್ತಿದ್ದರು. ಓಡಿಹೋಗೋಣ ಎನ್ನಿಸಿತು.

“ಚೆಂದಾಗಿದ್ಯೇನ್ಲಾ? ವೈರು ಎಳ್ದು ನೋಡ್ತೀಯಾ?”

“ನೋಡ್ತೀನಿ ಅಣ್ಣ.”

“ನೋಡು,” ಎಂದು ಮೂಟೆ ಹೊತ್ತುಕೊಂಡು ಹೋದರು. ಅವತ್ತು ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ನಾಲ್ಕು ಜನರ ಮುಂದೆ ಕಪಾಳಕ್ಕೆ ಹೊಡೆದಿದ್ದರೆ ಲೆಕ್ಕ ಚುಕ್ತಾ ಆಗುತ್ತಿತ್ತು. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಅಂತಾರಲ್ಲ, ನನ್ನ ಸಿಟ್ಟು ಅಂಥದ್ದು.

ಹೋದ ತಿಂಗಳು ಅಣ್ಣ ಹೃದಯಾಘಾತದಲ್ಲಿ ತೀರಿಕೊಂಡರು. ತಿಥಿಗೆ ತಳಿಗೆ ಹೋದೆ. ಊಟದ ಗದ್ದಲ ಕಳೆದ ಮೇಲೆ ಅವರ ಹೆಂಡತಿ ನನ್ನನ್ನು ಹಿತ್ತಿಲ ಬಾಗಿಲಿಗೆ ಕರೆದರು.

“ನೀನು ಜೊತೇಲಿದ್ದೋನಪ್ಪ. ಒಂದು ಮಾತು ಹೇಳ್ಬುಡು. ಅವತ್ತು ಅವ್ರು ನಿಜವಾಗ್ಲೂ ಮರ್ತ್ಬುಟ್ಟಿದ್ರಾ?”

“ಇಲ್ಲಕ್ಕ. ಮರ್ತೋನು ನಾನು. ಅವರು ಕೇಳ್ದಾಗ ಸುಳ್ಳು ಹೇಳ್ದೆ.”

ಬೈಯುತ್ತಾರೆ ಎಂದು ಕಾದೆ. ಆಕೆ ಬಾಗಿಲು ಹಿಡಿದುಕೊಂಡು ಮೆಲ್ಲಗೆ ಹೊಸ್ತಿಲ ಮೇಲೆ ಕೂತರು.

“ನಾಲ್ಕು ವರ್ಷ ಕಣಪ್ಪ. ಜಗಳ ಬಂದಾಗೆಲ್ಲ, ಒಬ್ಬ ಮನುಸನ ಕೈ ಸುಟ್ಟೋರು ನೀವು ಅಂತ ಅಂದ್ಬುಡ್ತಿದ್ದೆ. ಒಂದಿನಾನೂ ಅಲ್ಲ ಅನ್ನಲಿಲ್ಲ.”